ಮಗು ಅಪ್ಪಿಕೊಂಡರೂ ತಟ್ಟದವನು

ಅಣ್ಣಾ,

ನೀನು ಸತ್ತ ಮೇಲೂ ಆ ಅಮಲಿನ ಪುಡಿ ನಮ್ಮ ಮನೆ ಬಿಡಲಿಲ್ಲ. ಈ ಬೆಳಿಗ್ಗೆ ನಮ್ಮ ತಮ್ಮ ಚಿಕ್ಕೋನನ್ನು ಅದೇ ಚಟ ಬಿಡಿಸಲು ಆಸ್ಪತ್ರೆಗೆ ಸೇರಿಸಿದೆವು. ನನ್ನ ಮಗಳು "ಮಾಮಾ" ಎಂದು ಓಡಿಹೋಗಿ ಅವನ ಕೊರಳಿಗೆ ಜೋತುಬಿದ್ದಳು. ಗೋಡೆಯನ್ನು ನೋಡುವ ಹಾಗೆ ಅವಳನ್ನು ನೋಡಿದ, ಥೇಟ್ ನಿನ್ನ ಹಾಗೆ.

"ಇವನ ಎದೆ ಕಲ್ಲಾಗಿಹೋಯ್ತಾ?" ಎಂದು ನಾನು ಡಾಕ್ಟರಮ್ಮನ ಕೈ ಹಿಡಿದು ಅತ್ತುಬಿಟ್ಟೆ.

"ಕಲ್ಲಲ್ಲಮ್ಮಾ. ಮಿದುಳಲ್ಲಿ ಖುಷಿಯ ಸುದ್ದಿಯನ್ನ ನರದಿಂದ ನರಕ್ಕೆ ಮುಟ್ಟಿಸೋದು ಡೋಪಮಿನ್ ಅನ್ನೋ ರಾಸಾಯನಿಕ. ಈ ಪುಡಿ ಅದನ್ನ ಕಟ್ಟೆ ಒಡೆದ ಹಾಗೆ ಹರಿಸುತ್ತೆ. ದಿನಾ ಹಾಗಾದ್ರೆ ನರಗಳು ಸುದ್ದಿ ತಗೊಳ್ಳೋದನ್ನೇ ಕಮ್ಮಿ ಮಾಡ್ತವೆ. ಆಮೇಲೆ ಮಗು ಅಪ್ಪಿಕೊಂಡ್ರೂ ಒಳಗೆ ತಟ್ಟಲ್ಲ."

"ಸರಿಹೋಗುತ್ತಾ?"

"ಎಷ್ಟೋ ಜನರಿಗೆ ಸರಿಹೋಗುತ್ತೆ. ತಿಂಗಳುಗಟ್ಟಲೆ ಬೇಕು. ಅಲ್ಲೀವರೆಗೂ ನೀವು ಕೈಬಿಡಬಾರದು."

ಅಪ್ಪ ನಿನ್ನನ್ನು ಹೊರಗೆ ತಳ್ಳಿ ಚಿಲಕ ಹಾಕಿದ ದಿನ ಇದನ್ನು ಹೇಳುವವರು ಯಾರೂ ಇರಲಿಲ್ಲ, ಅಣ್ಣಾ.

ಈಗಷ್ಟೇ ಚಿಕ್ಕೋನು ನನ್ನ ಕೈ ಕೊಡವಿದ. "ಹೋಗಕ್ಕಾ. ನೀನಿದ್ರೂ ಒಂದೇ, ಇಲ್ದಿದ್ರೂ ಒಂದೇ."

"ಗೊತ್ತು ಕಣೋ," ಎಂದೆ. ಸ್ಟೂಲನ್ನು ಅವನ ಮಂಚಕ್ಕೆ ಇನ್ನಷ್ಟು ಹತ್ತಿರ ಎಳೆದುಕೊಂಡು ಕೂತಿದ್ದೇನೆ.

ನಿನ್ನ ಕಾಲು ಹಿಡಿಯುತ್ತೇನೆ, ಇವನನ್ನು ಮಾತ್ರ ನಿನ್ನ ಹತ್ತಿರ ಕರೆದುಕೊಳ್ಳಬೇಡ.