ಅಡುಗೆಮನೆಗೆ ಬಂದ ಪಟ್ಟೆಹುಳುಗಳು

ಲಿನಾರೆಸ್,
ಏಪ್ರಿಲ್ ೨೮, ಭಾನುವಾರ

ನನ್ನ ಮುದ್ದು ನೆರೇಯ್ದಾ,

ನಿನ್ನ ಕೆಮ್ಮು ಹೇಗಿದೆ? ಆ ಬೆಟ್ಟದ ಚಳಿಯಲ್ಲಿ ಕಾಡು ಕಾಯುವವಳಿಗೆ ಒಂದು ದಪ್ಪ ಶಾಲು ಬೇಡವೇನೇ ಅಂದರೆ, "ಅಮ್ಮ, ಇಲ್ಲಿ ಎಲ್ಲರೂ ಹೀಗೇ ಇರೋದು" ಅನ್ನುತ್ತೀಯ. ಎಲ್ಲರೂ ನನ್ನ ಹೊಟ್ಟೆಯಲ್ಲಿ ಹುಟ್ಟಿದವರಲ್ಲ. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮಳೆಗಿಂತ ಮುಂಚೆ ಸುದ್ದಿ ಕೊಡುತ್ತದೆ.

ನಿನ್ನವರು ಬಂದರು. ಚಳಿಗಾಲವೆಲ್ಲ ನೀನು ಕಾದ ಮೊನಾರ್ಕ್ ಚಿಟ್ಟೆಗಳು ಮಾರ್ಚ್ ಕೊನೆಗೆ ನಮ್ಮ ಹಿತ್ತಲಿಗೆ ಇಳಿದವು. ಬಣ್ಣ ಮಾಸಿ, ರೆಕ್ಕೆಯಂಚು ಹರಿದು, ದೂರದ ಬಸ್ಸಿನಿಂದ ಇಳಿದ ಹೆಂಗಸರ ಹಾಗೆ ಸೊರಗಿದ್ದವು. ಆದರೂ ಸುಧಾರಿಸಿಕೊಳ್ಳದೆ ಕೆಲಸಕ್ಕೆ ಕೂತವು. ಹಾಲುಗಿಡದ ಎಲೆಯಡಿಗೆ ಒಂದೊಂದೇ ಮೊಟ್ಟೆ, ಮರಿಗಳಿಗೆ ಬೇರೆ ಎಲೆ ಸೇರದಲ್ಲ. ಆಮೇಲೆ ಹುಳುಗಳು. ಕಪ್ಪು, ಬಿಳಿ, ಹಳದಿ ಪಟ್ಟೆ. ತಿನ್ನುವುದು ಅಂದರೆ ಏನು ತಿನ್ನುವುದು, ನಿನ್ನ ಸೋದರಮಾವ ಮದುವೆ ಊಟಕ್ಕೆ ಕೂತ ಹಾಗೆ! ಬೆಳಿಗ್ಗೆ ಕಾಫಿ ಹಿಡಿದು ಕಿತ್ತಳೆ ಮರದ ಕೆಳಗೆ ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಮಳೆ ಹುಯ್ದು ಚರಂಡಿ ಕಟ್ಟಿಕೊಂಡು ಸೊಳ್ಳೆ ಎದ್ದವು. ಪಕ್ಕದ ಮನೆಯ ದೊನ್ ಫಾಬಿಯಾನ್ ತಾವೇ ಓಡಾಡಿ ಸೊಳ್ಳೆಹೊಗೆಯ ಗಾಡಿಯನ್ನು ಬೀದಿಗೆ ಕರೆಸಿದರು. ಅವರ ಮೊಮ್ಮಗಳು ಮಿರೆಯಾ ಹೋದ ವರ್ಷ ಡೆಂಗಿ ಜ್ವರದಲ್ಲಿ ಸಾವಿನ ಬಾಗಿಲು ತಟ್ಟಿ ಬಂದವಳು, ನಿನಗೆ ಗೊತ್ತಲ್ಲ. ಆ ಹೊಗೆಗೆ ಸೊಳ್ಳೆ ಯಾವುದು, ಪಾತರಗಿತ್ತಿ ಯಾವುದು? ನಮ್ಮ ಹಿತ್ತಲೊಂದನ್ನು ಬಿಟ್ಟುಬಿಡಲಿ ಅಂತ ಕೇಳಲು ಹೋದೆ. "ಒತಿಲಿಯಾ, ಹುಳದ ಮೇಲಿರೋ ಮರುಕ ನಮ್ಮ ಹುಡುಗಿ ಮೇಲಿಲ್ವಾ?" ಅಂದರು. ಆ ಹುಡುಗಿಯ ಹಣೆಗೆ ಒದ್ದೆಬಟ್ಟೆ ಹಾಕುತ್ತಾ ಕೂತವಳು ನಾನು, ನನಗೇ ಈ ಮಾತು! ಉರಿದುಹೋಯಿತು. ಆದರೆ ಮನೆಗೆ ಬಂದು ಯೋಚಿಸಿದರೆ ಅವರು ಹೇಳಿದ್ದರಲ್ಲಿ ತಪ್ಪೇನಿದೆ? ಹೊಗೆ ಬರಲೇಬೇಕು. ಹಾಗಾದರೆ ಹುಳುಗಳೇ ಒಳಗೆ ಬರಬೇಕು.

ಗಾಡಿ ಬರುವ ಹಿಂದಿನ ದಿನ ಹಾಲುಗಿಡಗಳನ್ನು ಬೇರು ಸಮೇತ ಕಿತ್ತು ಬಕೆಟ್ಟಿಗೆ ತುಂಬಿ ಅಡುಗೆಮನೆಗೆ ಹೊರತೊಡಗಿದೆ. ಅರ್ಧ ದಾರಿಯಲ್ಲಿ ಮಂಡಿ ಕೈಕೊಟ್ಟಿತು. ಬಕೆಟ್ಟು ತಬ್ಬಿಕೊಂಡು ಅಲ್ಲೇ ಕುಸಿದೆ. ಗೋಡೆಯಾಚೆಯಿಂದ ಆ ಮಹಾನುಭಾವರ ದನಿ: "ಏನಮ್ಮಾ, ಹುಳಗಳಿಗೆ ಮನೆ ಬಾಡಿಗೆಗೆ ಕೊಡ್ತಿದ್ದೀಯಾ?" ಬೈಯಬೇಕು ಅನ್ನುವಷ್ಟರಲ್ಲಿ ಗೋಡೆ ಹತ್ತಿ ಈಚೆಗೆ ಹಾರಿದರು, ಪ್ಯಾಂಟು ಹಿಂದೆ ಪರ್ರನೆ ಹರಿಯಿತು! ನಾನು ನೋವು ಮರೆತು ನಕ್ಕೆ ನೋಡು, ಕಣ್ಣಲ್ಲಿ ನೀರು. ಅವರು ಒಂದು ಕೈಯಲ್ಲಿ ಹಿಂಬದಿ ಮುಚ್ಚಿಕೊಂಡು, ಇನ್ನೊಂದರಲ್ಲಿ ಬಕೆಟ್ಟು ಹಿಡಿದು, "ಹೊಗೆ ಕರೆಸಿದೋನೂ ನಾನೇ, ಹುಳ ಹೊರೋನೂ ನಾನೇ" ಅಂತ ಗೊಣಗುತ್ತಾ ಎಲ್ಲವನ್ನೂ ಒಳಗೆ ಸಾಗಿಸಿದರು. ಉದುರಿದ ಹುಳುಗಳನ್ನು ಮಿರೆಯಾ ಎಲೆಯ ಮೇಲೆ ಆರಿಸಿ ತಂದಳು.

ಮಾರನೆಯ ದಿನ ಗಾಡಿ ಬಂದಾಗ ಕಿಟಕಿಗಳಿಗೆ ಒದ್ದೆ ಹೊದಿಕೆ ಕಟ್ಟಿ ಮೂವರೂ ಒಳಗೆ ಬೆವರುತ್ತಾ ಕೂತೆವು. ಬಾಗಿಲ ಸಂದಿಯಿಂದ ಹೊಗೆ ನುಸುಳಿತು. ದೊನ್ ಫಾಬಿಯಾನ್ ಚರ್ಚಿಗೆ ಹಾಕುವ ಕೋಟನ್ನೇ ಬಿಚ್ಚಿ ಸಂದಿಗೆ ತುರುಕಿದರು. ಆದರೂ ಕೆಲವು ಹುಳುಗಳು ಕಪ್ಪಾಗಿ ಉದುರಿದವು, ನೆರೇಯ್ದಾ. ಕಿತ್ತಳೆ ಬುಡದಲ್ಲಿ ಹೂತು ಅತ್ತೆ. ಉಳಿದವು ಮಾತ್ರ ಬಕೆಟ್ಟು ಬಿಟ್ಟು ಮನೆಯೆಲ್ಲ ಹತ್ತಿದವು. ಕುರ್ಚಿಯಡಿಗೆ, ಪರದೆಯ ಕಂಬಿಗೆ, ಮೇರಿಮಾತೆಯ ಪಟದ ಚೌಕಟ್ಟಿಗೆ ತಲೆಕೆಳಗಾಗಿ ನೇತುಬಿದ್ದು ಚಿನ್ನದ ಚುಕ್ಕಿಯ ಹಸಿರು ಕೋಶಗಳಾದವು. ಕುರ್ಚಿ ಎಳೆಯುವ ಹಾಗಿಲ್ಲ. ಅಂದಿನಿಂದ ನಿಂತೇ ಊಟ. ದೊನ್ ಫಾಬಿಯಾನ್ ಕೂಡ ನಮ್ಮಲ್ಲೇ ನಿಂತು ರೊಟ್ಟಿ, ಹುರುಳಿಕಾಳು ತಿನ್ನುತ್ತಾರೆ. ಯಾಕೆ ಅಂತ ಕೇಳಬೇಡ, ಕೋಶಗಳನ್ನು ನೋಡಲು ಬರುತ್ತಾರಂತೆ.

ಈ ಬೆಳಿಗ್ಗೆ ಮೊದಲನೆಯದು ಒಡೆಯಿತು. ಮುದುಡಿದ ರೆಕ್ಕೆ ನಿಧಾನವಾಗಿ ಬಿಚ್ಚಿ, ಒಣಗಿಸಿಕೊಂಡು, ಮಿರೆಯಾಳ ಬೆರಳ ಮೇಲೆ ಸ್ವಲ್ಪ ಹೊತ್ತು ಕೂತು, ಗೋಡೆ ದಾಟಿ ಉತ್ತರಕ್ಕೆ ಹೋಯಿತು. ಎಂಥ ಕಿತ್ತಳೆಗೆಂಪು ಅಂತೀ! ಆ ಹುಡುಗಿ ಬಾಯಿ ತೆರೆದುಕೊಂಡು ನಿಂತುಬಿಟ್ಟಳು. ಇನ್ನು ಮೇಲೆ ದಿನಕ್ಕಿಷ್ಟು ಹೊರಡುತ್ತವೆ.

ದೇವರ ತಾಯಿ ನಿನ್ನನ್ನೂ ನಿನ್ನ ಬೆಟ್ಟವನ್ನೂ ಕಾಯಲಿ. ಹೊಟ್ಟೆ ತುಂಬ ತಿನ್ನು.

ನಿನ್ನ ಅಮ್ಮ,
ಒತಿಲಿಯಾ

ಮರೆತೆ ನೋಡು: ದೊನ್ ಫಾಬಿಯಾನ್ ನನ್ನನ್ನು ಮದುವೆಯಾಗು ಅಂತ ಕೇಳಿದರು. ನಿನ್ನೆ, ಕೈಯಲ್ಲಿ ರೊಟ್ಟಿ ಹಿಡಿದು, ನಿಂತುಕೊಂಡೇ. ಆಗಲಿ ಅಂದೆ. ನಿನ್ನ ಅಪ್ಪನ ಫೋಟೋಕ್ಕೆ ಮೊದಲು ಹೇಳಿದೆ, ಈಗ ನಿನಗೆ. ಜೂನಿನಲ್ಲಿ ಅಂದುಕೊಂಡಿದ್ದೇವೆ. ಕೋಪ ಬಂದರೆ ಬರಲಿ ಮಗಳೇ, ಅಲ್ಲಿ ಕೂತು ಕೋಪ ಮಾಡಬೇಡ. ಇಲ್ಲಿಗೆ ಬಂದು ಮಾಡು.