ನಿನ್ನವ್ವನ ಜೋಕಾಲಿ

ಇಳಕಲ್ಲ
ಶುಕ್ರವಾರ, ೭ ಮಾರ್ಚ್ ೨೦೨೫

ಪ್ರೀತಿಯ ಮುತ್ತೂ,

ಹೇಗಿದ್ದೀಯಪ್ಪ? ಬಾದಾಮಿಯ ಬಿಸಿಲಿಗೆ ತಲೆನೋವು ಬರುತ್ತಿಲ್ಲ ತಾನೆ? ಗುಹೆ ನೋಡಲು ಬಂದವರ ಫೋಟೋ ತೆಗೆಯುತ್ತ ಊಟದ ಹೊತ್ತು ಮೀರಿಸಬೇಡ. ನಾವು ಆರಾಮ. ಫೋನಿನಲ್ಲಿ ಮಾತಾಡಿದರೆ ನಿನ್ನವ್ವನ ಕಿವಿಗೆ ಬೀಳುತ್ತದೆ, ಅದಕ್ಕೇ ಈ ಕಾಗದ.

ಹೋದ ವಾರ ಬಂದಾಗ ಪಡಸಾಲೆಯಲ್ಲಿ ಹೊಸ ಜೋಕಾಲಿ ಕಂಡು, "ಈ ವಯಸ್ಸಿನ್ಯಾಗ ಇದ್ಯಾಕ ಬೇಕಿತ್ತವ್ವಾ? ಹಾಸಿಗಿ ಇದ್ದಷ್ಟ ಕಾಲ ಚಾಚಬೇಕು" ಅಂದೆಯಲ್ಲ, ಅವಳು ಸುಮ್ಮನೆ ನಕ್ಕಳು. ನೀನು ಬಸ್ಸು ಹತ್ತಿದ ಮೇಲೆ ಜೋಕಾಲಿಯ ಮೇಲೆ ನೂಲಿನ ಗಂಟು ತಂದಿಟ್ಟಳು. ಆಮೇಲೆ ಅದರಲ್ಲಿ ಕೂತೇ ಇಲ್ಲ. ನೋಡಿ ನೋಡಿ ನನಗೆ ಸಂಕಟವಾಗುತ್ತಿದೆ.

ಗಾದೆ ಸುಳ್ಳಲ್ಲ ಮಗನೇ. ಆದರೆ ಅದನ್ನು ಹೇಳಿದ್ದು ಯಾರಿಗೆ? ಮದುವೆಯಾಗಿ ಬಂದಾಗಿನಿಂದ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತವಳಿಗೆ! ನಮ್ಮ ಮನೆಯ ರೂಢಿ ನಿನಗೂ ಗೊತ್ತು. ಸೀರೆ ಮಾರಿದ ದುಡ್ಡು ಮೊದಲು ನೂಲಿಗೆ, ಸಂತೆಗೆ, ಬ್ಯಾಂಕಿಗೆ. ಉಳಿದದ್ದು ನೇಯ್ದ ಕೈಗೆ, ಅದನ್ನು ಏನು ಮಾಡಿದೆ ಅಂತ ಯಾರೂ ಕೇಳುವಂತಿಲ್ಲ. ಮಾಳಿಗೆ ರಿಪೇರಿಗೆ ನೀನು ಕಳಿಸಿದ್ದು ಹಾಗೇ ಇದೆ. ಜೋಕಾಲಿ ಅವಳ ಪಾಲಿನದು. ನನ್ನನ್ನು ಕೇಳಿದ್ದರೆ ಒಂದು ಆಡು ತಗೋ ಅನ್ನುತ್ತಿದ್ದೆ. ಕೇಳಲಿಲ್ಲ, ಒಳ್ಳೆಯದೇ ಆಯಿತು. ನೀನು ಆ ದೊಡ್ಡ ಕ್ಯಾಮೆರಾ ಕೊಂಡಾಗ ಅವಳು ಬೆಲೆ ಕೇಳಿದಳೇ? ಅದಕ್ಕೆ ಕಣ್ಣಿಟ್ಟು, ಬಾದಾಮಿಯ ಗುಡ್ಡ ಎಷ್ಟು ಕೆಂಪಗಿದೆ ಅಂತ ನೋಡಿದಳು ಅಷ್ಟೇ.

ಬಡಿಗ ಮುನಾಫ ಸರಪಳಿ ಹಾಕಿಹೋದ ಸಂಜೆ ನೀನು ಇರಬೇಕಿತ್ತು. ಅಂಜುತ್ತ ಕೂತಳು, ಮೆಲ್ಲಗೆ ಕಾಲೆತ್ತಿದಳು. ಬಾಗಿಲಿನಿಂದ ಬಂದ ಇಳಿಬಿಸಿಲು ಅವಳ ಸೆರಗಿನ ಮೇಲೆ ಬಂದು ಬಂದು ಹೋಗುತ್ತಿತ್ತು. "ಕಾಲ ನೆಲಾ ಬಿಟ್ಟಾವ ನೋಡ್ರಿ," ಅಂದಳು. ಕಣ್ಣು ಮುಚ್ಚಿ, "ತೆಪ್ಪದಾಗ ಕುಂತು ತವರಮನಿಗೆ ಹೊಂಟಂಗ ಆಗ್ತೈತಿ" ಅಂದಳು. ನಾನು ಲಾಳಿ ಕೈಯಲ್ಲಿ ಹಿಡಿದು ಅವಳನ್ನೇ ನೋಡುತ್ತ ಕೂತೆ. ಕತ್ತಲಾದದ್ದು ಇಬ್ಬರಿಗೂ ತಿಳಿಯಲಿಲ್ಲ.

ಬನಶಂಕರಿ ತಾಯಿ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಪ್ಪ,
ಹುಲ್ಲಪ್ಪ

ತಾ.ಕ.: ಬಾದಾಮಿ ಬಸ್ಸಿನ ಕಂಡಕ್ಟರ ಜಹಾಂಗೀರ ಹೊರಟು ನಿಂತಿದ್ದಾನೆ, ಅವನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. "ಹುಡುಗಗ ಬ್ಯಾಸರ ಆಗೇತಿ, ಬ್ಯಾಡ ಬಿಡ್ರಿ" ಅಂತ ನಿನ್ನವ್ವ ಜೋಕಾಲಿ ವಾಪಸು ಒಯ್ಯಲು ಮುನಾಫನಿಗೆ ಹೇಳಿದ್ದಾಳೆ. ಸೋಮವಾರ ಬರುತ್ತಾನೆ. ನೀನು ರವಿವಾರವೇ ಬಾ. ಅಮೀನಗಡದಲ್ಲಿ ಇಳಿದು ಕರದಂಟು ತಗೋ. ತಪ್ಪಾಯಿತು ಅನ್ನಬೇಡ, ಅಳುತ್ತಾಳೆ. ಆ ನೂಲಿನ ಗಂಟು ಕೆಳಗಿಳಿಸಿ ಜೋಕಾಲಿಯಲ್ಲಿ ನೀನೇ ಕೂಡು. ಪಕ್ಕದಲ್ಲಿ ಅವಳು ಕಾಲು ಚಾಚುವಷ್ಟು ಜಾಗ ಬಿಡು.