ಡ್ರೈಯರ್ ಪಕ್ಕದ ಮೇಜು

ಬುಧವಾರ, ಮಧ್ಯಾಹ್ನ
ಲಾಂಡ್ರಿಯಿಂದ

ಗುಬ್ಬಿಯ ಅಪ್ಪನಿಗೆ,

ನಮಸ್ಕಾರ. ನಿಮ್ಮ ಪತ್ರ ಓದಿ ಸಿಟ್ಟು ನೆತ್ತಿಗೇರಿತ್ತು. ಒಂದು ಲೋಟ ನೀರು ಕುಡಿದು ಬರೆಯಲು ಕುಳಿತಿದ್ದೇನೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಪರೀಕ್ಷೆ ಮುಗಿಯುವ ತನಕ ಗುಬ್ಬಿಯನ್ನು ನಿಮ್ಮ ಮನೆಗೆ ಕಳಿಸುವುದಿಲ್ಲ.

ಮೊದಲೇ ಅವಳ ಗಮನ ಒಂದು ಕಡೆ ನಿಲ್ಲಲ್ಲ, ಅದರ ಮೇಲೆ ನಿನ್ನ ಲಾಂಡ್ರಿಯ ಗಲಾಟೆ ಬೇರೆ ಅಂತ ಬರೆದಿದ್ದೀರಿ. ನಾನೂ ಹಾಗೆಯೇ ಅಂದುಕೊಂಡಿದ್ದೆ ಕಣ್ರೀ. ಅದಕ್ಕೇ ಅವಳನ್ನು ಮಹಡಿಯ ಕೋಣೆಯಲ್ಲಿ ಕೂರಿಸಿ, ಕಿಟಕಿ ಮುಚ್ಚಿ ಬರುತ್ತಿದ್ದೆ. ಹೋಗಿ ನೋಡಿದರೆ ಪುಸ್ತಕದಲ್ಲಿ ಒಂದು ಗೆರೆಯೂ ಇಲ್ಲ. ನಲ್ಲಿ ತೊಟ್ಟಿಕ್ತಿದೆ ಅಮ್ಮ, ಪಕ್ಕದ ಮನೆಯವರು ಕುರ್ಚಿ ಎಳೆದ್ರು ಅಮ್ಮ ಅಂತ ವರದಿ ಒಪ್ಪಿಸುತ್ತಿದ್ದಳು. ಆ ಮೌನದಲ್ಲಿ ಗುಂಡುಸೂಜಿ ಬಿದ್ದರೂ ಅವಳ ಕಿವಿ ಅತ್ತ ಓಡುತ್ತಿತ್ತು.

ಹೋದ ತಿಂಗಳು ಸೂರು ಸೋರಿ ಆ ಕೋಣೆ ಒದ್ದೆಯಾಯಿತು. ಬೇರೆ ದಾರಿ ಕಾಣದೆ, ಡ್ರೈಯರ್ ಪಕ್ಕದ ಮೇಜಿನ ಮೇಲೆ ಮಡಚಿಟ್ಟಿದ್ದ ಬೆಡ್‌ಶೀಟುಗಳನ್ನು ಸರಿಸಿ ಜಾಗ ಮಾಡಿಕೊಟ್ಟೆ. ಯಂತ್ರ ಗುಂಯ್ ಅಂತ ಒಂದೇ ಸಮನೆ ತಿರುಗುತ್ತಿತ್ತು. ಇಸ್ತ್ರಿ ಮುಗಿಸಿ ತಿರುಗಿ ನೋಡುತ್ತೇನೆ, ಭಾಗಾಕಾರ ಅಷ್ಟನ್ನೂ ಮಾಡಿಟ್ಟಿದ್ದಾಳೆ! ಸರಿಯಾಗಿಯೂ ಇತ್ತು. ನನಗೆ ಅಳುವೇ ಬಂತು.

ಹಾಗಂತ ಎಲ್ಲ ಸದ್ದೂ ಒಂದೇ ಅಲ್ಲ. ರೇಡಿಯೊದಲ್ಲಿ ಹಾಡು ಬಂದರೆ, ಗಿರಾಕಿಗಳು ಮಾತಿಗೆ ನಿಂತರೆ, ಪೆನ್ಸಿಲ್ ನಿಂತೇಹೋಗುತ್ತದೆ. ಅದಕ್ಕೆ ಅವಳು ಓದುವ ಹೊತ್ತಿನಲ್ಲಿ ರೇಡಿಯೊ ಬಂದ್, ಹರಟೆಯೆಲ್ಲ ಬಾಗಿಲ ಹೊರಗೆ. ಹಳೆಯ ಗಿರಾಕಿಯೊಬ್ಬರು ಮುಖ ಊದಿಸಿಕೊಂಡರು. ಊದಿಸಿಕೊಳ್ಳಲಿ ಬಿಡಿ.

ಮಕ್ಕಳ ಡಾಕ್ಟರನ್ನೂ ಕೇಳಿದೆ. ಒಂದೇ ಸಮನಾದ ಸದ್ದು ಇಂಥ ಕೆಲವು ಮಕ್ಕಳಿಗೆ ಸಹಾಯ ಮಾಡುತ್ತೆ, ಕೆಲವರಿಗೆ ಇಲ್ಲ, ಜೋರಾಗದ ಹಾಗೆ ನೋಡ್ಕೊಳ್ಳಿ ಅಂದರು. ಮೇಜನ್ನು ಸ್ವಲ್ಪ ಹಿಂದಕ್ಕೆ ಎಳೆದೆ. ಶಾಲೆಯಲ್ಲಿ ಕಿಟಕಿ ಪಕ್ಕದಿಂದ ಎಬ್ಬಿಸಿ ಫ್ಯಾನಿನ ಕೆಳಗೆ ಕೂರಿಸಿ ನೋಡಿ ಅಂತ ಟೀಚರಮ್ಮನಿಗೆ ಹೇಳಿದರೆ ನಕ್ಕುಬಿಟ್ಟರು. ನಾನು ಪಟ್ಟು ಬಿಡಲಿಲ್ಲ. ಈಗ ಅವರೇ ಕರೆದು, ನಿಮ್ಮ ಗುಬ್ಬಿ ಕೂತು ಬರೀತಾಳಲ್ರೀ ಅಂದರು. ಪರೀಕ್ಷೆಗೂ ಅಲ್ಲೇ ಕೂರಿಸುತ್ತಾರಂತೆ.

ನೀವು ಅವಳಿಗೋಸ್ಕರ ದಪ್ಪ ಪರದೆ ಹಾಕಿಸಿದ್ದೀರಿ, ಗೋಡೆ ಗಡಿಯಾರವನ್ನೂ ತೆಗೆಸಿದ್ದೀರಿ. ಪ್ರೀತಿಯಿಂದಲೇ ಮಾಡಿದ್ದೀರಿ ಅಂತ ನನಗೆ ಗೊತ್ತು. ಆದರೂ ಈ ಒಂದು ವಿಷಯದಲ್ಲಿ ನಾನು ಜಗ್ಗುವವಳಲ್ಲ. ಭಾನುವಾರ ಬನ್ನಿ. ಅವಳು ಬರೆಯುವುದನ್ನು ಕಣ್ಣಾರೆ ನೋಡಿ, ಆಮೇಲೆ ಮಾತಾಡೋಣ.

ಇಂತಿ,
ಗುಬ್ಬಿಯ ಅಮ್ಮ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಮನಸ್ಸು ತಡೆಯಲಿಲ್ಲ. ಅಪ್ಪನ ಮನೆಯಲ್ಲಿ ಯಾಕೆ ಓದೋಕಾಗಲ್ಲ ಅಂತ ಅವಳನ್ನೇ ಕೇಳಿದೆ. ಅಪ್ಪ ಉಸಿರೂ ಕೇಳಿಸದ ಹಾಗೆ ಬಾಗಿಲಾಚೆ ಕೂತಿರ್ತಾರೆ, ನನ್ನ ಮೇಲೆ ಸಿಟ್ಟೇನೋ ಅಂತ ಅಲ್ಲೇ ಕಿವಿಗೊಟ್ಟಿರ್ತೀನಿ ಅಂದಳು. ಭಾನುವಾರ ಬಂದವರು ಮೊದಲು ಅವಳ ಹತ್ತಿರ ಕೂತು, ಸಿಟ್ಟಿಲ್ಲ ಪುಟ್ಟಿ ಅಂತ ಬಾಯಿಬಿಟ್ಟು ಹೇಳಿ.